ಕಪ್ಪು ಅಂಚಿನ ವಿಶೇಷಾಂಕ

ಬೆಚ್ಚಿಬೀಳುವುದರಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕುಕ್ಕರು ಕೂಗಿದರೆ ಬೆಚ್ಚುತ್ತೇನೆ. ಬಾಗಿಲು ತಟ್ಟಿದರೆ ಬೆಚ್ಚುತ್ತೇನೆ, ತಟ್ಟದೆ ಯಾರಾದರೂ ಒಳಗೆ ಬಂದರೆ ಇನ್ನೂ ಜೋರಾಗಿ ಬೆಚ್ಚುತ್ತೇನೆ. ಹಾಗಾಗಿ ನಾನು ಕಿರುಚಿದರೆ ಅಡುಗೆಮನೆಯಿಂದ ಯಾರೂ ಎದ್ದು ಬರುವುದಿಲ್ಲ. ಆದರೆ ಮೊನ್ನೆ ಎಲ್ಲರೂ ಓಡಿ ಬಂದರು.

ಆದದ್ದು ಇಷ್ಟು. ನನ್ನ ಮೊಮ್ಮಗಳು ಶ್ರಾವ್ಯ ಮಂಗಳೂರಿನ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ನನ್ನ ಕೈಗೊಂದು ಪುಟ್ಟ ಪುಸ್ತಕ ಇಟ್ಟಳು. ಅಂಗೈಯಷ್ಟು ದೊಡ್ಡದು, ಮಡಚಿ ಹೊಲಿದದ್ದು. ಕನ್ನಡಕ ಸರಿಮಾಡಿಕೊಂಡು ನೋಡುತ್ತೇನೆ, ಮುಖಪುಟದ ನಾಲ್ಕೂ ಕಡೆ ಬೆರಳು ದಪ್ಪದ ಕಪ್ಪು ಅಂಚು! ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಕೈ ತನ್ನ ಕೆಲಸ ಮಾಡಿತ್ತು. ಪುಸ್ತಕ ಅಂಗಳ ದಾಟಿ ಹೋಗಿ ದಾಸವಾಳದ ಗಿಡದಲ್ಲಿ ಸಿಕ್ಕಿಕೊಂಡಿತು.

"ಅಜ್ಜೀ! ಎಂತ ಮಾಡಿದ್ದು ನೀವು?" ಎಂದು ಅವಳೂ ಕಿರುಚಿದಳು.

"ಯಾರು ಹೋದದ್ದು? ಮೊದಲು ಅದನ್ನು ಹೇಳು."

"ಯಾರೂ ಹೋಗ್ಲಿಲ್ಲ ಮಾರಾಯ್ರೆ! ಅದು ಜೀನ್. ನಾನೇ ಮಾಡಿದ್ದು. ನಾನೇ ಬರೆದದ್ದು, ನಾನೇ ಹೊಲಿದದ್ದು!"

ಆಮೇಲೆ ಅವಳು ವಿವರಿಸಿದಳು. ಈಗ ಹುಡುಗ ಹುಡುಗಿಯರು ತಮ್ಮ ಕೈಯಾರೆ ಬರೆದು, ಚಿತ್ರ ಬಿಡಿಸಿ, ಕತ್ತರಿಸಿ ಅಂಟಿಸಿ ಇಂಥ ಪುಟ್ಟ ಪತ್ರಿಕೆ ಮಾಡುತ್ತಾರಂತೆ. ಗೆಳೆಯರೊಳಗೆ ಹಂಚಿಕೊಳ್ಳುತ್ತಾರಂತೆ. ಅದನ್ನು ಕಲಿಸಲಿಕ್ಕೆ ಒಂದು ತರಗತಿ ಇತ್ತಂತೆ, ಅಲ್ಲಿ ಗಡ್ಡಮೀಸೆ ಬಂದ ಗಂಡಸರೂ ಕತ್ತರಿ ಗೋಂದು ಹಿಡಿದು ಕೂತಿದ್ದರಂತೆ. ನನಗೆ ಎರಡನೆಯ ಸಲ ಆಘಾತವಾಯಿತು. ಇದಕ್ಕೆ ತರಗತಿಯೇ? ಇದನ್ನು ಮಾಡಿದ್ದಕ್ಕೆ ನಮಗೆ ಸಿಕ್ಕಿದ್ದು ಹುಣಸೆ ಬರಲಿನ ಪೆಟ್ಟು!

ನಮ್ಮದಕ್ಕೆ ಅಂಥ ಹೊಸ ಹೆಸರೆಲ್ಲ ಇರಲಿಲ್ಲ. ಕೈಬರಹದ ಪತ್ರಿಕೆ ಎನ್ನುತ್ತಿದ್ದೆವು. ಆದರೆ ಪತ್ರಿಕೆಗೆ ಒಂದು ಘನವಾದ ಹೆಸರಿತ್ತು: 'ಮೂರೂರ ಮಿತ್ರ'. ಮೂರೂರು ಎಂದರೆ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡಬಿದಿರೆ. ಬಂಟ್ವಾಳದಲ್ಲಿ ನಾನು ಮತ್ತು ನನ್ನ ಅಣ್ಣ ಶೇಖರ. ಬೆಳ್ತಂಗಡಿಯಲ್ಲಿ ಅಪ್ಪನ ಕಡೆಯ ಅತ್ತೆಯ ಮಗ ರಮೇಶ. ಮೂಡಬಿದಿರೆಯಲ್ಲಿ ದೊಡ್ಡಮ್ಮನ ಮಗಳು ವಾರಿಜ. ಇಷ್ಟೇ ಅದರ ಸಂಪಾದಕ ಮಂಡಳಿ, ಇಷ್ಟೇ ಅದರ ಓದುಗ ವೃಂದ. 'ಓದುಗರ ಪತ್ರ' ವಿಭಾಗಕ್ಕೆ ಓದುಗರು ಸಾಲದೆ ನಾವೇ ಬೇರೆ ಬೇರೆ ಹೆಸರಿನಲ್ಲಿ ನಮ್ಮನ್ನು ಹೊಗಳಿಕೊಂಡು ಬರೆಯುತ್ತಿದ್ದೆವು. ಒಮ್ಮೆ ನಾನು ಬೇಸರ ಬಂದು ಬೈದು ಬರೆದೆ. ಸಂಪಾದಕರು ಅದನ್ನು ಹಾಕಲಿಲ್ಲ.

ಸಂಪಾದಕರು ಎಂದರೆ ಅಣ್ಣ. ನಾನು ಉಪಸಂಪಾದಕಿ, ಅಂದರೆ ಅನ್ನದ ಅಗುಳು ಅರೆದು ಗೋಂದು ಮಾಡುವವಳು. ಕೆಂಪು ಬೇಕಾದರೆ ಅರಿಸಿನಕ್ಕೆ ಸುಣ್ಣ, ನೇರಳೆ ಬೇಕಾದರೆ ಬಸಳೆಯ ಹಣ್ಣು, ನೀಲಿಗೆ ದಾಸವಾಳದ ಎಸಳು ಉಜ್ಜುವುದು. ನಮ್ಮ ಕೈಗಳನ್ನು ನೋಡಿದ ಶಾಲೆಯ ಮಾಸ್ತರರು ಇವರಿಗೇನೋ ಚರ್ಮರೋಗ ಎಂದು ಅಮ್ಮನಿಗೆ ಹೇಳಿ ಕಳಿಸಿದ್ದೂ ಉಂಟು. ಒಳಗಿನ ಪುಟಗಳು ಹಳೆ ನೋಟುಬುಕ್ಕಿನ ಖಾಲಿ ಹಾಳೆಗಳು. ಮುಖಪುಟದ ಕಾಗದಕ್ಕೆ ಮಾತ್ರ ಒಂದು ಚರಿತ್ರೆ ಇದೆ. ನಮ್ಮ ಜಿಲ್ಲೆ ಮದ್ರಾಸಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಶಾಲೆಯ ಗೋಡೆಯ ಮೇಲಿದ್ದ ದೊಡ್ಡ ಭೂಪಟ ಇದ್ದಕ್ಕಿದ್ದಂತೆ ತಪ್ಪಾಗಿಹೋಯಿತು. ಅದನ್ನು ಇಳಿಸಿ ಮೂಲೆಗೆ ಒರಗಿಸಿದ್ದರು. ಅಣ್ಣ ಹೆಡ್‌ಮಾಸ್ತರರ ಕಾಲು ಹಿಡಿದು ಅದನ್ನು ಹೊತ್ತು ತಂದ. ಗಟ್ಟಿ ಕಾಗದ, ಹಿಂಬದಿ ಬೆಳ್ಳಗೆ. ಹಾಗಾಗಿ ನಮ್ಮ ಪತ್ರಿಕೆಯ ಮುಖಪುಟ ತೆರೆದರೆ ಒಳಬದಿಯಲ್ಲಿ ಒಮ್ಮೆ ಮಧುರೆ, ಒಮ್ಮೆ ತಂಜಾವೂರು, ಒಮ್ಮೆ ಬರೀ ಸಮುದ್ರ ಇರುತ್ತಿತ್ತು.

ಅಣ್ಣನ ಧಾರಾವಾಹಿಯಲ್ಲಿ ಸಂಚಿಕೆಗೊಬ್ಬರು ಸಾಯುತ್ತಿದ್ದರು. ಕೊನೆಗೆ 'ಪಾತ್ರಗಳು ಮುಗಿದ ಕಾರಣ ಕಥೆಯನ್ನು ನಿಲ್ಲಿಸಲಾಗಿದೆ' ಎಂದು ಸಂಪಾದಕೀಯ ಪ್ರಕಟಣೆ ಹೊರಟಿತು. ರಮೇಶನಿಗೆ ಹುಲಿ ಬಿಟ್ಟರೆ ಬೇರೇನೂ ಬಿಡಿಸಲು ಬಾರದು. ಮದುವೆಮನೆಯ ಕಥೆಗೂ ಹುಲಿಯೇ ಬರುತ್ತಿತ್ತು. ವಾರಿಜಾಳ ಪಾಲಿಗೆ ಒಂದು ಪುಟ, ಅದರಲ್ಲಿ ಒಂದು ಪದ್ಯ, ಒಂದು ಒಗಟು, ಉಳಿದ ಜಾಗದಲ್ಲಿ ಅವಳ ಅಪ್ಪನ ಹೋಟೆಲಿನ ಜಾಹೀರಾತು.

ಇರುವುದು ಒಂದೇ ಪ್ರತಿ. ಅದು ಊರೂರು ತಿರುಗಬೇಕು. ತಿರುಗಿಸುತ್ತಿದ್ದುದು ಬಸ್ಸು. ಬಂಟ್ವಾಳದಿಂದ ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ವೇಣೂರಿನ ಮೇಲೆ ಮೂಡಬಿದಿರೆಗೆ ಒಂದು, ಮೂಡಬಿದಿರೆಯಿಂದ ಸಿದ್ಧಕಟ್ಟೆ ದಾರಿಯಾಗಿ ಮರಳಿ ನಮ್ಮಲ್ಲಿಗೆ. ಕೆಲವೊಮ್ಮೆ ಅವಸರವಿದ್ದರೆ ತಿರುಗಾಮುರುಗಾ, ಮೊದಲು ಮೂಡಬಿದಿರೆಗೆ. ಆ ಕಾಲದ ಕಂಡಕ್ಟರರು ಏನನ್ನು ತಲುಪಿಸುತ್ತಿರಲಿಲ್ಲ! ಮಲ್ಲಿಗೆ ಅಟ್ಟೆ, ಕಷಾಯದ ಬಾಟಲಿ, ಬಂಗುಡೆ ಮೀನು, ಹೊಲಿಗೆಗೆ ಕೊಟ್ಟ ರವಿಕೆ. ನಮ್ಮ ಸಿದ್ಧಕಟ್ಟೆ ಬಸ್ಸಿನ ಲಾರೆನ್ಸಣ್ಣನಂತೂ 'ಮೂರೂರ ಮಿತ್ರ'ವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ದಾರಿಯಲ್ಲಿ ಓದಿ, ಮೂಡಬಿದಿರೆ ಸ್ಟ್ಯಾಂಡಿನಲ್ಲಿ ವಾರಿಜಾಳ ಕೈಗೇ ಕೊಡುತ್ತಿದ್ದ. ಕಥೆಯಲ್ಲಿ ಯಾರನ್ನು ಕೊಲ್ಲಬೇಕೆಂದು ಅಣ್ಣನಿಗೆ ಸಲಹೆಯನ್ನೂ ಕೊಡುತ್ತಿದ್ದ.

ರಮೇಶನ ಮನೆಗೆ ನಾವು ಹೋಗಿ ಬರುತ್ತಿದ್ದೆವು. ಮೂಡಬಿದಿರೆಗೆ ಹೋಗುವಂತಿರಲಿಲ್ಲ. ಯಾಕೆಂದರೆ ನಮ್ಮ ಅಜ್ಜಿಗೂ ದೊಡ್ಡಮ್ಮನಿಗೂ ಮಾತಿರಲಿಲ್ಲ.

ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದುದರಿಂದ ನಾವು ಇದ್ದದ್ದು ಅಮ್ಮನ ತಾಯಿಯ ಮನೆಯಲ್ಲಿ, ಬಂಟ್ವಾಳ ಪೇಟೆಯ ಹಿಂದೆ, ಹೊಳೆಗೆ ಇಳಿಯುವ ದಾರಿಯಲ್ಲಿ. ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡಮ್ಮ ಕಮಲ ಮತ್ತು ನನ್ನ ಅಮ್ಮ ಗಿರಿಜ. ದೊಡ್ಡಪ್ಪ ಮೂಡಬಿದಿರೆ ಬಸ್‌ಸ್ಟ್ಯಾಂಡಿನ ಬಳಿ ಊಟದ ಹೋಟೆಲು ತೆರೆದ ದಿನ ದೊಡ್ಡಮ್ಮ ತಾನೇ ತೆಂಗಿನಕಾಯಿ ಅರೆದು ಬಂಗುಡೆ ಗಸಿ ಮಾಡಿದ್ದರಂತೆ. ಮೊದಲ ಎಲೆ ಅಜ್ಜಿಗೆ. ಊರಿನ ನಾಲ್ಕು ಜನ ಸಾಲಾಗಿ ಕೂತಿದ್ದಾರೆ. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಕಮಲಾ, ಗಸಿಗೆ ಹುಳಿ ಸ್ವಲ್ಪ ಮುಂದೆ ಹೋಯ್ತಲ್ಲ" ಎಂದರು.

"ನಿಮ್ಮ ನಾಲಗೆಯಷ್ಟು ಹುಳಿ ಇರ್ಲಿಕ್ಕಿಲ್ಲ ಅಮ್ಮ" ಎಂದರಂತೆ ದೊಡ್ಡಮ್ಮ.

ನಾಲಗೆಯ ವಿಷಯದಲ್ಲಿ ತಾಯಿ ಮಗಳು ಇಬ್ಬರೂ ಸಮಸಮ. ಮಾತಿಗೆ ಮಾತು ಬೆಳೆದು ಕೊನೆಗೆ ದೊಡ್ಡಮ್ಮ, "ಇನ್ನು ನಾನು ನಿಮ್ಮ ಮೆಟ್ಟಿಲು ಹತ್ತುವುದು ನಿಮ್ಮ ಹೆಣ ನೋಡ್ಲಿಕ್ಕೆ ಮಾತ್ರ" ಎಂದುಬಿಟ್ಟರು. ಅಜ್ಜಿ ಎಲೆ ಬಿಟ್ಟು ಎದ್ದು, "ಬರುವುದು ಬೇಡ. ಸತ್ತರೂ ನಾನು ನಿನಗೆ ಹೇಳಿಕಳಿಸುವುದಿಲ್ಲ" ಎಂದರು. ಸತ್ತವರು ಹೇಗೆ ಹೇಳಿಕಳಿಸುತ್ತಾರೆಂದು ಆಗ ಯಾರೂ ಕೇಳಲಿಲ್ಲವಂತೆ. ಅಂದಿನಿಂದ ನನಗೆ ಬುದ್ಧಿ ಬರುವವರೆಗೂ, ಬಂದ ಮೇಲೂ, ದೊಡ್ಡಮ್ಮ ನಮ್ಮ ಮನೆಗೆ ಬಂದದ್ದಿಲ್ಲ. ಒಂದು ಚಮಚ ಹುಣಸೆಹುಳಿ ಒಂದು ಸಂಸಾರವನ್ನು ಹೀಗೆ ಎರಡು ಮಾಡಿತ್ತೆಂದು ನೆನೆದರೆ ನನಗೆ ಈಗಲೂ ದಿಗಿಲಾಗುತ್ತದೆ.

ಆದರೆ ಪತ್ರಿಕೆ ಮಾತ್ರ ಹೋಗಿ ಬರುತ್ತಿತ್ತಲ್ಲ? ಅಜ್ಜಿಗೆ ಓದು ಬಾರದು. ಮೂಡಬಿದಿರೆಯಿಂದ ಸಂಚಿಕೆ ಮರಳಿದ ದಿನ ಅವರು ಏನೂ ಕಾಣದವರಂತೆ ಎಲೆಯಡಿಕೆ ತಟ್ಟೆ ಎಳೆದುಕೊಂಡು ನಮ್ಮ ಹತ್ತಿರವೇ ಬಂದು ಕೂರುತ್ತಿದ್ದರು. "ಆ ಹುಡುಗಿ ಎಂತ ಬರೆದಿದ್ದಾಳೆ?" ಎನ್ನುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ. ನಾನು ಓದುತ್ತಿದ್ದೆ. "ಇನ್ನೊಮ್ಮೆ ಓದು, ಸರಿ ಕೇಳಲಿಲ್ಲ." ಅಜ್ಜಿಯ ಕಿವಿ ಹೊಳೆಯಾಚೆಯ ಮಾತನ್ನೂ ಹಿಡಿಯುವಂಥದು. ನಾನು ಮತ್ತೆ ಓದುತ್ತಿದ್ದೆ. ಹೋಟೆಲಿನ ಜಾಹೀರಾತು ಬಂದಾಗ, "ಬಂಗುಡೆ ಊಟ ಈಗಲೂ ಉಂಟಂತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗುತ್ತಿದ್ದರು. ಅಲ್ಲಿ ದೊಡ್ಡಮ್ಮನೂ ನಮ್ಮ ಪುಟಗಳನ್ನು ವಾರಿಜಾಳಿಂದ ಓದಿಸಿ ಕೇಳುತ್ತಾರೆಂದು ಅವಳೇ ಒಮ್ಮೆ ಒಗಟಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದಳು.

ಇನ್ನು ಆ ವಿಶೇಷಾಂಕಕ್ಕೆ ಬರುತ್ತೇನೆ. ಬೇಸಗೆ ರಜೆ. ಬಸಳೆ ಚಪ್ಪರ ಒಣಗಿ ನಮ್ಮ ನೇರಳೆ ಶಾಯಿಯ ಕಾರ್ಖಾನೆ ಮುಚ್ಚಿತ್ತು. ಅಣ್ಣ ಪೇಟೆಯ ವಾಚನಾಲಯಕ್ಕೆ ಹೋಗಿ ಬಂದವನು ಕಣ್ಣರಳಿಸಿ ಹೇಳಿದ: "ಸರೋಜಾ, ಇವತ್ತಿನ ಪೇಪರು ನೋಡಬೇಕಿತ್ತು ನೀನು. ಯಾರೋ ದೊಡ್ಡ ಮನುಷ್ಯರ ಪಟ. ಸುತ್ತ ದಪ್ಪ ಕಪ್ಪು ಗೆರೆ. ಎಂಥ ಗಾಂಭೀರ್ಯ ಗೊತ್ತುಂಟಾ? ನಮ್ಮ ವಿಶೇಷಾಂಕಕ್ಕೆ ಹಾಗೆಯೇ ಮಾಡುವ."

ನೀವು ಕೇಳಬಹುದು, ಕಪ್ಪು ಅಂಚು ಎಂದರೆ ಸಾವು ಎಂದು ಆ ಮಕ್ಕಳಿಗೆ ತಿಳಿಯದೇ ಎಂದು. ತಿಳಿಯುವುದು ಹೇಗೆ? ಅದೇ ತಮಾಷೆ. ಟೆಲಿಫೋನು ಇಲ್ಲದ ಕಾಲ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಒಂದು ಚೀಟಿ ಬರೆದು, ಅಂಚಿಗೆ ಮಸಿ ಬಳಿದು, ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಮಸಿ ಯಾಕೆಂದರೆ ಅದನ್ನು ಕಂಡವರು ಮನೆಯೊಳಗೆ ತರಬಾರದು. ಮನೆಯ ಹಿರಿಯರು ಅಂಗಳದ ಬೇಲಿಯ ದಣಪೆಯ ಆಚೆಗೇ ನಿಂತು ಓದಿ, ಅಲ್ಲೇ ಹರಿದು ಎಸೆದು, ತಲೆಗೆ ನೀರು ಸುರಿದುಕೊಂಡು ಒಳಗೆ ಬರಬೇಕು. ಮಕ್ಕಳ ಕಣ್ಣಿಗೆ ಅದು ಬೀಳಲೇಬಾರದು. ನಮ್ಮ ಮನೆಯಲ್ಲಿ ಈ ಕಟ್ಟಳೆಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದರೆಂದರೆ ಅಣ್ಣನಾಗಲಿ ನಾನಾಗಲಿ ಅಂಥ ಚೀಟಿಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ಮಕ್ಕಳನ್ನು ಸಾವಿನಿಂದ ದೂರ ಇಟ್ಟವರು ಕಪ್ಪು ಗೆರೆಯಿಂದ ದೂರ ಇಡಲು ಮರೆತಿದ್ದರು.

ಚಿಮಿಣಿ ದೀಪದ ಮಸಿಗೆ ಗಂಜಿತಿಳಿ ಬೆರೆಸಿ ಅಣ್ಣ ಒಂದು ಬೆಳಗಿಡೀ ಕೂತು ಅಂಚು ಬಿಡಿಸಿದ. ಗೆರೆ ಎಳೆಯುವುದರಲ್ಲಿ ಅವನಿಗೆ ಬಹಳ ಜಂಬ. ರೂಲುದೊಣ್ಣೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಎಳೆದನೆಂದರೆ ಕೂದಲೆಳೆಯಷ್ಟೂ ಸೊಟ್ಟವಾಗುತ್ತಿರಲಿಲ್ಲ. ಒಳಗೆ ನನ್ನ ಮೊದಲ ಕಥೆ, ಅವನ ಹೊಸ ಧಾರಾವಾಹಿಯ ಆರಂಭ, ಕೊನೆಯ ಪುಟದಲ್ಲಿ ಅಜ್ಜಿ ಹೇಳಿ ಬರೆಸಿದ ಹಲಸಿನ ಹಪ್ಪಳದ ಕ್ರಮ. ಅಜ್ಜಿ ಎಂದೂ ನಮ್ಮ ಪತ್ರಿಕೆಗೆ ಏನನ್ನೂ ಕೊಟ್ಟವರಲ್ಲ. ಆ ಸಲ ತಾವೇ ಬಂದು, "ಬರ್ಕೊಳ್ಳಿ. ಆ ಹುಡುಗಿಯ ತಾಯಿಗೆ ಹಪ್ಪಳ ಲಟ್ಟಿಸ್ಲಿಕ್ಕೆ ಎಂದೂ ಬರುವುದಿಲ್ಲ" ಎಂದಿದ್ದರು. ಅವರ ಭಾಷೆಯಲ್ಲಿ ಅದು ಪ್ರೀತಿ. ನಾವು ಆ ಬೈಗುಳವನ್ನು ಬಿಟ್ಟು ಉಳಿದದ್ದನ್ನು ಬರೆದುಕೊಂಡೆವು.

ಮರುದಿನ ಬೆಳಿಗ್ಗೆ ಬಸ್ಸಿಗೆ ಕೊಡಲು ಹೋದರೆ ಲಾರೆನ್ಸಣ್ಣ ರಜೆಯಲ್ಲಿದ್ದ. ಬದಲಿಗೆ ಬಂದ ಕಂಡಕ್ಟರ್ ಹೊಸಬ. ಅಣ್ಣ ವಿಶೇಷಾಂಕವನ್ನು ಅವನ ಕೈಗಿಟ್ಟು, "ಮೂಡಬಿದಿರೆ ಸ್ಟ್ಯಾಂಡಿನ ಹೋಟೆಲಿಗೆ. ಬಂಟ್ವಾಳದ ಅಜ್ಜಿಮನೆಯಿಂದ ಅಂತ ಹೇಳಿ" ಎಂದ. ಆ ಮನುಷ್ಯ ಅದನ್ನು ನೋಡಿದ. ನಮ್ಮನ್ನು ನೋಡಿದ. ತಲೆಯ ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮೆಲ್ಲಗೆ ಕೇಳಿದ, "ದೊಡ್ಡವರು ಯಾರೂ ಬರ್ಲಿಲ್ವಾ ಮಕ್ಕಳೇ?"

"ಅವರಿಗೆಲ್ಲ ಪುರುಸೊತ್ತಿಲ್ಲ" ಎಂದ ಅಣ್ಣ.

"ಇರ್ಲಿಕ್ಕಿಲ್ಲ, ಇರ್ಲಿಕ್ಕಿಲ್ಲ" ಎಂದು ಅವನು ನನ್ನ ತಲೆ ಸವರಿದ. ನಮ್ಮ ಪತ್ರಿಕೆಗೆ ಇಂಥ ಗೌರವ ಸಿಕ್ಕಿದ್ದು ಅದೇ ಮೊದಲು. ಮಲ್ಲಿಗೆಯ ಅಟ್ಟೆಗಳಿಂದ ದೂರವಾಗಿ, ಡ್ರೈವರನ ಎದುರಿನ ಗಾಜಿನ ಬಳಿ ಅದನ್ನೊಂದನ್ನೇ ಇಟ್ಟ. ಕಪ್ಪು ಅಂಚಿನ ಪ್ರಭಾವ ನೋಡು ಎಂದು ಅಣ್ಣ ದಾರಿಯುದ್ದಕ್ಕೂ ಬೀಗುತ್ತಾ ಬಂದ.

ಮೂಡಬಿದಿರೆಯಲ್ಲಿ ನಡೆದದ್ದನ್ನು ಆಮೇಲೆ ವಾರಿಜ ಹೇಳಿದಳು. ಕಂಡಕ್ಟರ್ ಹೋಟೆಲಿನ ಮೆಟ್ಟಿಲ ಕೆಳಗೆ ನಿಂತು ದೊಡ್ಡಪ್ಪನನ್ನು ಹೊರಗೆ ಕರೆದ. "ಬಂಟ್ವಾಳದ ಅಜ್ಜಿಮನೆಯಿಂದ. ಸಣ್ಣ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿದ್ದಾರೆ ಮಾರಾಯ್ರೆ, ದೊಡ್ಡವರೆಲ್ಲ ಹೆಣದ ಬುಡದಲ್ಲಿ ಇರ್ಬೇಕು." ದೊಡ್ಡಪ್ಪ ನೋಡಿದರು. ಒಂದು ಅಂಚಿಗೆ ಮಸಿ ಬಳಿದರೆ ಸಾಕು, ಇದು ನಾಲ್ಕೂ ಅಂಚಿಗೆ! ಮನೆಯ ಯಜಮಾನಿಯೇ ಹೋಗಿರಬೇಕು. ತೆರೆದು ಓದುವುದು ಇನ್ನೇನಿದೆ? ನಿಂತಲ್ಲೇ ಪರಪರ ಹರಿದು ಚರಂಡಿಗೆ ಹಾಕಿದರು. ಒಳಗಿದ್ದ ದೊಡ್ಡಮ್ಮನಿಗೆ ಹೇಳಿದರು. ದೊಡ್ಡಮ್ಮ ಒಲೆಯ ಮೇಲೆ ಕುದಿಯುತ್ತಿದ್ದ ಗಸಿಯನ್ನು ಹಿತ್ತಲಿಗೆ ಚೆಲ್ಲಿ, ಉಣ್ಣಲು ಕೂತವರನ್ನು ಎಬ್ಬಿಸಿ, ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡು, ಬಾವಿಕಟ್ಟೆಗೆ ಒರಗಿ, "ನಾನು ಹೇಳಿದ ಮಾತು! ನಾನೇ ಹೇಳಿದ ಮಾತು!" ಎಂದು ಎದೆ ಬಡಿದುಕೊಂಡರಂತೆ.

ಇತ್ತ ನಮ್ಮ ಅಂಗಳದಲ್ಲಿ ಚಾಪೆಯ ತುಂಬ ಹಲಸಿನ ಹಪ್ಪಳ. ಅಜ್ಜಿ ಓಲೆಕೊಡೆಯ ನೆರಳಿನಲ್ಲಿ ಮೋರೆ ಮುಚ್ಚುವಂತೆ ಸೆರಗು ಹೊದ್ದು, ಕೋಲು ಹಿಡಿದು ಕಾಗೆ ಕಾಯುತ್ತಿದ್ದರು. ನಾನೂ ಅಣ್ಣನೂ ಜಗಲಿಯಲ್ಲಿ ಕೂತು ವಾರಿಜ ವಿಶೇಷಾಂಕವನ್ನು ಎಷ್ಟು ಹೊಗಳಬಹುದೆಂದು ಅಂದಾಜು ಮಾಡುತ್ತಿದ್ದೆವು. ಆಗ ಓಣಿಯ ತುದಿಯಿಂದ ಒಂದು ಕೂಗು ಕೇಳಿತು. ನಾನು ಅಂಥ ಕೂಗನ್ನು ಅದುವರೆಗೆ ಕೇಳಿರಲಿಲ್ಲ. ನನ್ನ ಬೆಚ್ಚುವ ಚಾಳಿ ಶುರುವಾದದ್ದೇ ಅಂದಿನಿಂದ ಇರಬೇಕು.

"ಎನ್ನ ಅಪ್ಪೇ! ಎನ್ನ ಅಪ್ಪೇ!"

ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಕೂದಲು ಬಿಚ್ಚಿಕೊಂಡು, ಒದ್ದೆ ಬೆನ್ನಿನ ಹೆಂಗಸೊಬ್ಬರು ದಣಪೆ ದಾಟಿ ಓಡಿ ಬಂದರು. ಹಪ್ಪಳಗಳ ಮೇಲೆಯೇ ಬಂದರು. ಕೊಡೆಯ ಕೆಳಗಿದ್ದವರನ್ನು ನನ್ನ ಅಮ್ಮನೆಂದು ತಿಳಿದು, ಹೆಗಲ ಮೇಲೆ ಬಿದ್ದು, "ಗಿರಿಜಾ, ನನಗೆ ಒಂದು ಮಾತು ಮೊದಲೇ ಹೇಳಿಕಳಿಸಬಾರದಿತ್ತಾ! ಒಂದು ಸಲ ಮೋರೆ ನೋಡ್ತಿದ್ದೆನಲ್ಲಾ!" ಎಂದು ಗೋಳಿಟ್ಟರು.

ಅಜ್ಜಿಗೆ ಧ್ವನಿ ಗುರುತಾಯಿತು. ಆದರೆ ಮಾತು ಯಾವುದೂ ಕಿವಿಗೆ ಹೋಗಲಿಲ್ಲ. ಇಷ್ಟು ವರ್ಷ ಮೆಟ್ಟಿಲು ಹತ್ತದ ಮಗಳು ಕೂದಲು ಬಿಚ್ಚಿಕೊಂಡು ಒಬ್ಬಳೇ ಓಡಿ ಬಂದಿದ್ದಾಳೆ ಎಂದರೆ ಏನರ್ಥ? ಅಳಿಯ ಹೋದ! ಅಜ್ಜಿ ಕೋಲು ಎಸೆದು ಮಗಳನ್ನು ಎರಡೂ ಕೈಯಲ್ಲಿ ಅವುಚಿಕೊಂಡು, "ಅಯ್ಯೋ ಕಮಲಾ, ನಿನ್ನ ಹಣೆಬರಹವೇ! ಎಳೆ ಪ್ರಾಯದಲ್ಲಿ ಹೀಗಾಯ್ತಾ ಮಗಾ!" ಎಂದು ಅವರಿಗಿಂತ ಜೋರಾಗಿ ಅತ್ತರು. ಅಡುಗೆಮನೆಯಿಂದ ಅಮ್ಮ ಓಡಿ ಬಂದರು. ಅಕ್ಕ ಅಳುತ್ತಿದ್ದಾಳೆ, ತಾಯಿ ಅಳುತ್ತಿದ್ದಾರೆ. ಯಾಕೆಂದು ಕೇಳಲು ಹೊತ್ತೆಲ್ಲಿ? ಅಮ್ಮನೂ ಕೂತು ಅಳತೊಡಗಿದರು. ಅಣ್ಣ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ನಾವಿಬ್ಬರೂ ಅತ್ತೆವು. ಪಕ್ಕದ ಮನೆಯ ಲಕ್ಷ್ಮಿಯಕ್ಕ ಬೇಲಿಯಾಚೆಯಿಂದ, "ಯಾರು ಹೋದದ್ದು? ಯಾರು ಹೋದದ್ದು?" ಎಂದು ಕೇಳಿದರು. ಅಂಗಳ ತುಂಬ ಅಳುವವರಿದ್ದರೂ ಹೇಳುವವರಿರಲಿಲ್ಲ.

ಅಷ್ಟು ಹೊತ್ತಿಗೆ ದೊಡ್ಡಪ್ಪ ಬಂದರು. ಪೇಟೆಯಲ್ಲಿ ಬಸ್ಸಿಳಿದವರು ಹೆಂಡತಿಯನ್ನು ಮುಂದೆ ಕಳಿಸಿ ಜವಳಿ ಅಂಗಡಿಗೆ ಹೋಗಿದ್ದರು. ಮಗಳ ಮನೆಯವರು ಹೆಣಕ್ಕೆ ಹೊದೆಸಲು ಹೊಸ ಬಿಳಿ ಬಟ್ಟೆ ತರಬೇಕಲ್ಲ? ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ, ದಣಪೆಯ ಹತ್ತಿರ ಚಪ್ಪಲಿ ಬಿಟ್ಟು, ತಲೆಯೆತ್ತಿದರು.

ಅಜ್ಜಿ ಅಳಿಯನನ್ನು ನೋಡಿದರು. ಸತ್ತ ಅಳಿಯ ತನ್ನ ಬಟ್ಟೆಯನ್ನು ತಾನೇ ಹೊತ್ತುಕೊಂಡು ಬಂದಿದ್ದಾನೆ! "ಅಮ್ಮಾ!" ಎಂಬ ಒಂದು ಚೀತ್ಕಾರ ಅವರ ಬಾಯಿಂದ ಹೊರಟಿತು. ದೊಡ್ಡಪ್ಪ ಅತ್ತೆಯನ್ನು ನೋಡಿದರು. ಬಟ್ಟೆಯ ಕಟ್ಟು ಕೆಳಗೆ ಬಿತ್ತು. ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ದೊಡ್ಡಮ್ಮ ಆಗ ತಲೆಯೆತ್ತಿ, ತಾನು ಯಾರ ಹೆಗಲ ಮೇಲೆ ಬಿದ್ದು ಅಳುತ್ತಿದ್ದೇನೆಂದು ನೋಡಿದರು.

ಆ ಮುಖವನ್ನು ನಾನು ಮರೆತಿಲ್ಲ. ಜೀವಮಾನದಲ್ಲಿ ಎಷ್ಟೋ ಆಘಾತಗಳನ್ನು ಕಂಡಿದ್ದೇನೆ, ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಅವರು ಅಜ್ಜಿಯ ಗಲ್ಲ ಮುಟ್ಟಿ ನೋಡಿದರು. ಕೈ ಮುಟ್ಟಿ ನೋಡಿದರು. "ಅಮ್ಮ, ನೀವು ಸತ್ತಿದ್ದೀರಲ್ಲ?" ಎಂದರು.

"ಇಲ್ಲ ಮಗಾ" ಎಂದರು ಅಜ್ಜಿ, ಏನೋ ತಪ್ಪು ಮಾಡಿದವರ ಹಾಗೆ. "ಇನ್ನೂ ಇಲ್ಲ."

ದೊಡ್ಡಮ್ಮ ಮತ್ತೆ ಆ ಹೆಗಲಿಗೇ ಬಿದ್ದರು. ಈ ಸಲದ ಅಳು ಬೇರೆ. ಅಜ್ಜಿ ಅವರ ಒದ್ದೆ ಬೆನ್ನು ಸವರುತ್ತಾ, "ಬಂದಿಯಲ್ಲ, ಬಂದಿಯಲ್ಲ" ಎನ್ನುತ್ತಾ ಕೂತರು. ಹಪ್ಪಳಗಳೆಲ್ಲ ಪುಡಿಯಾಗಿದ್ದವು. ಕಾಗೆಗಳಿಗೆ ಅಂದು ಹಬ್ಬ.

ವಿಚಾರಣೆ ನಡೆದು ಕಪ್ಪು ಅಂಚಿನವರೆಗೆ ಬಂದು ನಿಂತಾಗ ಅಮ್ಮ ಹುಣಸೆ ಬರಲು ಮುರಿದುಕೊಂಡು ಬಂದರು. ಸಂಪಾದಕರಿಗೂ ಉಪಸಂಪಾದಕಿಗೂ ಸಮಪಾಲು. ಅಣ್ಣ ಪೆಟ್ಟಿಗಾಗಿ ಅಳಲಿಲ್ಲ. ಪತ್ರಿಕೆಯನ್ನು ದೊಡ್ಡಪ್ಪ ಹರಿದು ಚರಂಡಿಗೆ ಹಾಕಿದ್ದು ತಿಳಿದಾಗ, "ಓದದೆಯಾ? ಒಂದು ಪುಟವೂ ಓದದೆಯಾ?" ಎಂದು ಬಿಕ್ಕಿದ. ನನ್ನ ಮೊದಲ ಕಥೆಯನ್ನು ಇವತ್ತಿನವರೆಗೆ ಯಾರೂ ಓದಿಲ್ಲ. ಕನ್ನಡ ಸಾಹಿತ್ಯಕ್ಕೆ ಆದ ನಷ್ಟವನ್ನು ಮೂಡಬಿದಿರೆಯ ಚರಂಡಿಯೇ ಬಲ್ಲದು.

ಲಕ್ಷ್ಮಿಯಕ್ಕ, "ಸುಳ್ಳು ಸಾವಿನ ಸುದ್ದಿ ಬಂದವರಿಗೆ ಆಯುಸ್ಸು ಗಟ್ಟಿ" ಎಂದು ಸಮಾಧಾನ ಹೇಳಿ ಹೋದರು. ಅಜ್ಜಿ ಮಾತ್ರ ಆ ಬಿಳಿ ಬಟ್ಟೆಯನ್ನು ಎತ್ತಿ, ಬೆರಳಿನಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿದರು. "ಇಷ್ಟು ತೆಳುವಾ? ನನಗೆ ತರುವುದಾದರೆ ಸ್ವಲ್ಪ ಒಳ್ಳೆಯದು ತರಬಾರದಿತ್ತಾ ಅಳಿಯಂದಿರೇ?" ಹೆಣಕ್ಕೆಂದು ಕೊಂಡ ಬಟ್ಟೆಯನ್ನು ವಾಪಸು ಒಯ್ಯುವಂತಿಲ್ಲ, ಬೇರೆಯದಕ್ಕೆ ಬಳಸುವಂತಿಲ್ಲ. ಅಜ್ಜಿ ಅದನ್ನು ಮಡಚಿ ತಮ್ಮ ಮರದ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡರು. ಸಂಜೆ ದೊಡ್ಡಮ್ಮ ನಮ್ಮ ಅಡುಗೆಮನೆಯಲ್ಲಿ ಬಂಗುಡೆ ಗಸಿ ಮಾಡಿದರು. ಅಜ್ಜಿ ಒಂದು ತುತ್ತು ಬಾಯಿಗಿಟ್ಟರು. ಎಲ್ಲರೂ ಕೈ ನಿಲ್ಲಿಸಿ ನೋಡುತ್ತಿದ್ದೆವು.

"ಹುಳಿ ಸರಿ ಉಂಟು" ಎಂದರು ಅಜ್ಜಿ. ಇನ್ನೊಂದು ತುತ್ತು ಬಾಯಿಗಿಟ್ಟು, "ಉಪ್ಪು ಕಡಿಮೆ" ಎಂದರು. ದೊಡ್ಡಮ್ಮ ಎದ್ದು ಹೋಗಲಿಲ್ಲ. ಉಪ್ಪಿನ ಮರಿಗೆಯನ್ನು ತಂದು ತಾಯಿಯ ಎದುರಿಗೆ ಕುಕ್ಕಿ, ಪಕ್ಕದಲ್ಲೇ ಕೂತರು.

ಆಮೇಲೆ 'ಮೂರೂರ ಮಿತ್ರ' ಹೆಚ್ಚು ದಿನ ಬಾಳಲಿಲ್ಲ. ಅಜ್ಜಿಯ ಅಪ್ಪಣೆಯಂತೆ ಪ್ರತಿ ಸಂಚಿಕೆಯ ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿಯೇ ಕಳಿಸಬೇಕಾಗಿತ್ತು. ಅದನ್ನು ಕಂಡವರೆಲ್ಲ ನಿಮ್ಮ ಮನೆಯಲ್ಲಿ ಯಾರ ಮದುವೆ ಎಂದು ಕೇಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ವಾರಿಜ ಈಗ ರಜೆ ಬಂತೆಂದರೆ ನಮ್ಮಲ್ಲೇ ಇರುತ್ತಿದ್ದಳು. ಒಂದೇ ಚಾಪೆಯಲ್ಲಿ ಮಲಗುವವರು ಒಬ್ಬರಿಗೊಬ್ಬರು ಪತ್ರಿಕೆ ಬರೆಯುವುದು ಏನು? ರಮೇಶ ಮಾತ್ರ ಸ್ವಲ್ಪ ಕಾಲ ಹುಲಿಗಳನ್ನು ಕಳಿಸುತ್ತಿದ್ದ.

ಶ್ರಾವ್ಯಾಳಿಗೆ ಇಲ್ಲಿಯವರೆಗೆ ಹೇಳಿದೆ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ದಾಸವಾಳದ ಗಿಡದಿಂದ ತನ್ನ ಪುಸ್ತಕ ಬಿಡಿಸಿಕೊಂಡು ಬಂದು, "ಇದಕ್ಕೂ ಅರಿಸಿನ ಹಚ್ಚುವ" ಎಂದಳು. ಮುಂದಿನದನ್ನು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಲಕ್ಷ್ಮಿಯಕ್ಕನ ಮಾತು ನಿಜವಾಯಿತು. ಅಜ್ಜಿ ಆಮೇಲೆ ಎಷ್ಟೋ ವರ್ಷ ಗಟ್ಟಿಮುಟ್ಟಾಗಿದ್ದರು. ದೊಡ್ಡಮ್ಮ ಬರುವುದು, ಜಗಳವಾಡುವುದು, ಸಿಟ್ಟಿನಲ್ಲಿ ಬಸ್ಸು ಹತ್ತುವುದು, ಮುಂದಿನ ವಾರ ಮತ್ತೆ ಬರುವುದು. ಅರುವತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಅಜ್ಜಿ ಎಲೆಯಡಿಕೆ ತಟ್ಟೆಯ ಮುಂದೆ ಕೂತವರು ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟರು. ಅಣ್ಣ ಆಗ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ, ರಜೆಯೆಂದು ಮನೆಯಲ್ಲಿದ್ದ. ಮೂಡಬಿದಿರೆಗೆ ಜನ ಕಳಿಸಿದೆವು. ಚೀಟಿ ಕಳಿಸುವ ಧೈರ್ಯ ನಮಗೆ ಇರಲಿಲ್ಲ.

ದೊಡ್ಡಮ್ಮ ಬಂದರು. ಕೂಗು ಕೇಳಲಿಲ್ಲ. ಕೂದಲು ಕಟ್ಟಿಯೇ ಇತ್ತು. ನೇರ ಒಳಗೆ ಹೋಗಿ ಅಜ್ಜಿಯ ಪೆಟ್ಟಿಗೆ ತೆಗೆದು, ತಳದಿಂದ ಆ ಬಿಳಿ ಬಟ್ಟೆಯನ್ನು ಹೊರತೆಗೆದರು. ಅದು ಸ್ವಲ್ಪ ಹಳದಿಯಾಗಿತ್ತು. ಅಂಗಳಕ್ಕೆ ತಂದು ಅಜ್ಜಿಯ ಮೇಲೆ ಹೊದೆಸಿ, ಕಾಲಿನ ಬದಿಯ ಮಡಿಕೆ ಸರಿಮಾಡಿದರು. ನಾವೆಲ್ಲ ಗೋಳೋ ಎಂದು ಅಳುತ್ತಿದ್ದೆವು. ಅವರ ಕಣ್ಣಲ್ಲಿ ಒಂದು ಹನಿ ಇಲ್ಲ. ಇದೆಂಥ ಮಗಳು ಎಂದು ನಾನೇ ಅಂದುಕೊಂಡೆ. ಸೇರಿದ ಹೆಂಗಸರು ಗುಸುಗುಸು ಮಾಡತೊಡಗಿದರು. ಲಕ್ಷ್ಮಿಯಕ್ಕ ತಡೆಯಲಾರದೆ ಕೇಳಿಯೇಬಿಟ್ಟರು, "ಎಂತ ಕಮಲಾ, ಹೆತ್ತ ಅಮ್ಮ ಹೋಗಿದ್ದಾರೆ. ಒಂದು ತೊಟ್ಟು ಕಣ್ಣೀರಿಲ್ವಾ ಮಾರಾಯ್ತಿ?"

"ನನ್ನ ಅಳು ಆಗಿದೆ ಲಕ್ಷ್ಮಿಯಕ್ಕ" ಎಂದರು ದೊಡ್ಡಮ್ಮ. "ಅದನ್ನು ಅಮ್ಮ ಕಿವಿಯಾರೆ ಕೇಳಿದ್ದಾರೆ. ನನ್ನ ಬೆನ್ನು ಸವರಿದ್ದಾರೆ. ನೀವೆಲ್ಲ ಅಳುವುದನ್ನು ಅವರು ಕೇಳ್ತಾರಾ?"

ದೊಡ್ಡಮ್ಮ ಅಣ್ಣನ ಕಡೆ ತಿರುಗಿದರು. ವಾರಿಜಾಳನ್ನು ಬೆಳ್ತಂಗಡಿಯಾಚೆಯ ನೆರಿಯಕ್ಕೆ ಮದುವೆ ಮಾಡಿ ಕೊಟ್ಟಿತ್ತು. ಅವಳಿಗೆ ಬೆಳ್ತಂಗಡಿ ಬಸ್ಸಿನಲ್ಲಿ ಸುದ್ದಿ ಹೋಗಬೇಕಿತ್ತು.

"ಶೇಖರಾ, ನೆರಿಯಕ್ಕೆ ಚೀಟಿ ಬರಿ. ಅಂಚಿಗೆ ಮಸಿ ಬಳಿದರೆ ಸಾಲದು. ನಾಲ್ಕೂ ಕಡೆ ಗೆರೆ ಎಳಿ. ಆ ದಿನ ಎಳೆದಿದ್ದೆಯಲ್ಲ, ಹಾಗೆ. ಭಾರೀ ಚಂದ ಇತ್ತಂತೆ, ನಾನು ನೋಡ್ಲೇ ಇಲ್ಲ."

ಅಣ್ಣ ಒಳಗೆ ಹೋಗಿ ಕಾಗದ, ಮಸಿ, ರೂಲುದೊಣ್ಣೆ ತಂದು ಜಗಲಿಯಲ್ಲಿ ಕೂತ. ದಿನವೂ ಸರ್ಕಾರಕ್ಕೆ ಗೆರೆ ಎಳೆದುಕೊಡುವ ಕೈ ಅದು. ನಾನು ಕಾಗದದ ಮೂಲೆಗಳನ್ನು ಒತ್ತಿ ಹಿಡಿದೆ. ದೊಡ್ಡಮ್ಮ ಬಾಗಿ ನೋಡುತ್ತಿದ್ದರು. ಅಣ್ಣ ಉಸಿರು ಬಿಗಿಹಿಡಿದು ಎಳೆದ. ನಾಲ್ಕು ಗೆರೆಗಳಲ್ಲಿ ಒಂದೂ ನೆಟ್ಟಗೆ ಬರಲಿಲ್ಲ.